ಮೂರನೆಯ ಮೇಜಿನ ಯುದ್ಧವಿಮಾನಗಳು

ದೇಶಕ್ಕೆ ಯಾವ ಯುದ್ಧವಿಮಾನ ಕೊಳ್ಳಬೇಕೆಂದು ದಿಲ್ಲಿಯಲ್ಲಿ ತೀರ್ಮಾನಿಸುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಅದು ತೀರ್ಮಾನವಾಗುವುದು ತಮಿಳು ಸೀಮೆಯ ತಾಂಬರಂನಲ್ಲಿ, ನಮ್ಮ ಹೋಟೆಲಿನ ಮೂರನೆಯ ಮೇಜಿನಲ್ಲಿ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ. ದಿಲ್ಲಿಯವರಿಗೆ ಈ ಸಂಗತಿ ಇನ್ನೂ ತಲುಪಿಲ್ಲ, ಅದಕ್ಕೇ ಎಲ್ಲವೂ ಇಷ್ಟು ತಡವಾಗುತ್ತಿದೆ ಎಂಬುದು ನನ್ನ ಅಪ್ಪನ ದೂರು.

ಆ ಮೇಜಿನಲ್ಲಿ ಇಬ್ಬರೇ ಕೂರುವುದು. ಅಡಿಗೆಮನೆಯ ಬಾಗಿಲಿಗೆ ಮುಖ ಮಾಡಿ ನನ್ನ ಅಪ್ಪ. ಎಪ್ಪತ್ತೆಂಟು ವರ್ಷ, ಹೋಟೆಲಿನ ಯಜಮಾನರು, ಉಡುಪಿ ಕಡೆಯಿಂದ ಬಂದ ಕುಟುಂಬ. ರಸ್ತೆಗೆ ಮುಖ ಮಾಡಿ ಕಾಕಾ. ಕಾಕಾ ನಮಗೆ ನೆಂಟರಲ್ಲ. ಧಾರವಾಡ ಕಡೆಯವರು, ವಾಯುಪಡೆಯಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿದ್ದು, ಕೊನೆಯ ವರ್ಷಗಳಲ್ಲಿ ಇಲ್ಲಿನ ನೆಲೆಗೆ ಬಂದು, ನಿವೃತ್ತರಾಗಿ ಇಲ್ಲೇ ಮನೆ ಮಾಡಿದವರು. ಮೂವತ್ತು ವರ್ಷದ ಹಿಂದೆ ಒಂದು ದಿನ ಯೂನಿಫಾರ್ಮಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಒಳಗೆ ಅಪ್ಪ ಯಾರನ್ನೋ ಕನ್ನಡದಲ್ಲಿ ಬೈಯುವುದು ಕೇಳಿಸಿತಂತೆ. "ತಾಯಾಣೆ, ಬೈಗುಳಾ ಕೇಳಿ ಕಣ್ಣಾಗ ನೀರು ಬಂತ್ರಿ" ಎಂದು ಈಗಲೂ ಹೇಳುತ್ತಾರೆ. ಅವತ್ತಿನಿಂದ ಇಬ್ಬರಿಗೂ ದಿನಾ ಒಂದು ಬೈ-ಟೂ ಕಾಫಿ.

ಈ ಬೈ-ಟೂ ಎಂಬುದನ್ನು ನಮ್ಮ ತಮಿಳು ಸಪ್ಲೈಯರ್‌ಗೆ ಅರ್ಥ ಮಾಡಿಸಲು ಅಪ್ಪ ಪಟ್ಟ ಪಾಡು ದೊಡ್ಡದು. ಸಪ್ಲೈಯರ್ ನಮ್ಮಲ್ಲೇ ನರೆತವನು, ಹೇಳಿದ್ದನ್ನು ತಕ್ಷಣ ಮಾಡುವವನು, ಆದರೆ ಸ್ವಂತ ಹೋಟೆಲಿನ ಯಜಮಾನ ಒಂದೇ ಕಾಫಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು ಅವನ ಮರ್ಯಾದೆಗೆ ಕಡಿಮೆ ಎನಿಸುತ್ತಿತ್ತು. ಕೊನೆಗೆ ಒಂದು ಪದ್ಧತಿ ಬಂತು. ಒಂದು ಕಾಫಿ ಬರುತ್ತದೆ. ಅರ್ಧ ಲೋಟದಲ್ಲೇ ಉಳಿಯುತ್ತದೆ, ಅದು ಕಾಕಾನಿಗೆ. ಅರ್ಧವನ್ನು ಕೆಳಗಿನ ಅಗಲ ಬಾಯಿಯ ಡಬರಾಕ್ಕೆ ಸುರಿಯುವುದು, ಅದು ಅಪ್ಪನಿಗೆ. ಸುರಿಯುವವರು ಅಪ್ಪ, ಅರ್ಧ ಆಯಿತೆಂದು ಹೇಳುವವರು ಕಾಕಾ. ಮೂವತ್ತು ವರ್ಷದಲ್ಲಿ ಇವರು ಬದಲಾಯಿಸದೆ ಉಳಿಸಿದ ಒಪ್ಪಂದ ಇದೊಂದೇ.

ಇನ್ನು ನಾನು. ಗಲ್ಲಾದಲ್ಲಿ ಕೂರುವವಳು. ಹತ್ತೊಂಬತ್ತು ವರ್ಷದ ಹಿಂದೆ ಅಪ್ಪನ ಮಂಡಿ ಕೈಕೊಟ್ಟಾಗ, "ಆರು ತಿಂಗಳ ಮಟ್ಟಿಗೆ ನೀನು ಕೂತ್ಕೋ, ತಮ್ಮನ ಓದು ಮುಗೀಲಿ" ಎಂದು ನನ್ನನ್ನು ಕೂರಿಸಿದರು. ತಮ್ಮ ಆಗ ಗಿಂಡಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಓದು ಮುಗಿಯಿತು. ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲೇ ಪಂಪಿನ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದ, ಅಲ್ಲೇ ಬೇರು ಬಿಟ್ಟ. ಭಾನುವಾರ ಬಂದು ಎರಡು ಮಸಾಲೆ ದೋಸೆ ತಿಂದು, "ಅಕ್ಕ, ಚಟ್ನಿ ಸೂಪರ್" ಎಂದು ಹೇಳಿ ಹೋಗುತ್ತಾನೆ. ಅವನಿಗೆ ಹೋಟೆಲು ಬೇಡ ಎಂಬುದು ನಮ್ಮ ರಸ್ತೆಯ ನಾಯಿಗಳಿಗೂ ಗೊತ್ತು. ಅಪ್ಪ ಮಾತ್ರ ಹೊಸಬರು ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸಿ, "ಇವಳು ಸದ್ಯಕ್ಕೆ ನೋಡಿಕೊಳ್ತಿದ್ದಾಳೆ" ಎನ್ನುತ್ತಿದ್ದರು. ಈ 'ಸದ್ಯಕ್ಕೆ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ದಿನಸಿ ನಾನು ತರಿಸುತ್ತಿದ್ದೆ, ಗ್ಯಾಸು, ಗ್ರೈಂಡರು, ಕೆಲಸದವರ ಜಗಳ, ಆರೋಗ್ಯ ಇಲಾಖೆಯವರ ಪ್ರಶ್ನೆ ಎಲ್ಲ ನನ್ನ ತಲೆಗೆ. ಒಂದನ್ನು ಮಾತ್ರ ಅಪ್ಪ ಬಿಟ್ಟುಕೊಟ್ಟಿರಲಿಲ್ಲ. ಅದೇ ರುಚಿ.

ನಮ್ಮ ಹೋಟೆಲಿನಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಕ್ರಮವೊಂದಿದೆ. ಅಜ್ಜ ಸೌಕಾರ್‌ಪೇಟೆಯ ಗಲ್ಲಿಯಲ್ಲಿ ನಾಲ್ಕು ಬೆಂಚಿನ ಹೋಟೆಲು ನಡೆಸುತ್ತಿದ್ದಾಗಲೇ ಶುರುವಾದದ್ದು. ಬೆಳಗಿನ ಮೊದಲ ಸಾಂಬಾರು ಇಳಿಸಿದ ಕೂಡಲೇ ಅಡಿಗೆ ಭಟ್ಟರು ಸೌಟು ಹಿಡಿದು ಬರಬೇಕು. ಯಜಮಾನರು ಬಲ ಅಂಗೈ ಒಡ್ಡಬೇಕು. ಅಂಗೈಗೆ ಬಿದ್ದ ಸಾಂಬಾರನ್ನು ನೆಕ್ಕಿ ಅವರು "ಆಯ್ತು" ಎಂದ ಮೇಲೆಯೇ ಶಟರ್ ಮೇಲೇಳುವುದು. ಹೊರಗೆ ತಾಂಬರಂನಿಂದ ಹೊರಡುವ ಲೋಕಲ್ ರೈಲಿಗೆ ಹೋಗುವವರು ಕಾಯುತ್ತಿದ್ದರೂ ಸರಿ, 'ಆಯ್ತು' ಬರದೆ ಬಾಗಿಲು ತೆರೆಯುವುದಿಲ್ಲ. ಸಾಂಬಾರು ನೆಕ್ಕುವವರೇ ಯಜಮಾನರು, ಮಿಕ್ಕವರೆಲ್ಲ ಕೆಲಸದವರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಅಂಗೈಗೆ ಒಂದು ಹನಿ ಬಿದ್ದಿರಲಿಲ್ಲ.

ಇಷ್ಟು ಹೇಳಿದ ಮೇಲೆ ವಿಮಾನಕ್ಕೆ ಬರುತ್ತೇನೆ.

ರಷ್ಯದಿಂದ ಬಂದು ಅರವತ್ತು ವರ್ಷ ದಾಟಿದ ಹಳೆಯ ಯುದ್ಧವಿಮಾನಗಳಿಗೆ ನಿವೃತ್ತಿ ಕೊಟ್ಟ ಸುದ್ದಿ ಬಂದಾಗ ಮೂರನೆಯ ಮೇಜಿನಲ್ಲಿ ಗದ್ದಲ ಹೆಚ್ಚಿತು. ಹಳೆಯವು ಹೋದವು. ನಮ್ಮದೇ ನೆಲದಲ್ಲಿ ಕಟ್ಟುವ ವಿಮಾನಗಳು ಬರಬೇಕು, ಅದಕ್ಕೆ ಎಂಜಿನ್ ಹೊರಗಿನಿಂದ ಬರಬೇಕು, ಅದು ತಡ. ರಾಡಾರಿನ ಕಣ್ಣು ತಪ್ಪಿಸಿ ಹಾರುವ ನಮ್ಮದೇ ದೊಡ್ಡ ವಿಮಾನಕ್ಕೆ ಇನ್ನೂ ಎಷ್ಟೋ ವರ್ಷ. ಇತ್ತ ಪಶ್ಚಿಮದ ನೆರೆಯವರಿಗೆ ಉತ್ತರದ ನೆರೆಯವರು ಅಂಥದ್ದನ್ನು ಕೊಡುತ್ತಾರಂತೆ ಎಂಬ ಗಾಳಿಸುದ್ದಿ. ಹಾಗಾದರೆ ನಡುವಿನ ವರ್ಷಗಳಿಗೆ ಏನು ಮಾಡಬೇಕು? ಮಧ್ಯಂತರಕ್ಕೆಂದು ಹೊರಗಿನಿಂದ ಕೊಳ್ಳಬೇಕೇ? ಯಾರಿಂದ?

ಕಾಕಾ ಮೇಜಿನ ಮೇಲೆ ಜಗತ್ತನ್ನು ಜೋಡಿಸುತ್ತಿದ್ದರು. ನೀರಿನ ಲೋಟ ಫ್ರಾನ್ಸು. ಸಾಂಬಾರಿನ ಬಟ್ಟಲು ರಷ್ಯ. ಚಟ್ನಿ ಅಮೆರಿಕ. ಇಡ್ಲಿಗಳು ನಮ್ಮ ಸ್ಕ್ವಾಡ್ರನ್‌ಗಳು, ಅವು ಮಾತಿನ ಮಧ್ಯೆ ಕಡಿಮೆಯಾಗುತ್ತಾ ಹೋಗುತ್ತಿದ್ದವು.

"ನೋಡ್ರಿ ಸಾವ್ಕಾರ್ರ, ಫ್ರಾನ್ಸಿಂದು ನಮ್ಮಲ್ಲಿ ಆಗ್ಲೇ ಐತಿ. ಹುಡುಗ್ರಿಗೆ ಕೈ ಪಳಗೇತಿ. ಆದ್ರ ಭಾಳ ತುಟ್ಟಿ. ರಷ್ಯಾದವ್ರು ಇಲ್ಲೇ ಬಂದು ಮಾಡಿಕೊಡ್ತೀವಿ ಅಂತಾರ. ಅವರ ನಟ್ಟು ಬೋಲ್ಟು ನಾ ಕಣ್ಣು ಮುಚ್ಚಿ ಹೇಳ್ತೀನಿ. ಆದ್ರ ಸಾಮಾನು ಹೇಳಿದ ವ್ಯಾಳ್ಯಾಕ್ಕ ಬರಂಗಿಲ್ಲ. ಅಮೆರಿಕಾದವ್ರದು ಚೊಲೋ ಐತಿ, ಖರೆ. ಆದ್ರ ಎಲ್ಲಿ ಹಾರಿಸ್ತೀರಿ, ಯಾರ ಮ್ಯಾಲ ಹಾರಿಸ್ತೀರಿ ಅಂತ ಅವ್ರನ್ನ ಕೇಳಬೇಕು."

ಅಪ್ಪನಿಗೆ ವಿಮಾನದ ರೆಕ್ಕೆ ಯಾವುದು ಬಾಲ ಯಾವುದು ಎಂದು ತಿಳಿಯದು. ಹತ್ತಿದ್ದು ಒಂದೇ ಸಲ, ಅದೂ ಕಣ್ಣು ಮುಚ್ಚಿಕೊಂಡು. ಆದರೆ ಅವರು ಸೋಲುವವರಲ್ಲ. ಎಲ್ಲವನ್ನೂ ಅಡಿಗೆಮನೆಗೆ ಎಳೆದು ತರುತ್ತಿದ್ದರು.

"ಅಲ್ಲ ಮಾರಾಯ್ರೇ, ಒಂದು ಅಡಿಗೆಮನೆಯಲ್ಲಿ ನಾಲ್ಕು ಕಂಪನಿ ಗ್ರೈಂಡರ್ ಇಟ್ರೆ ಎಂತ ಗತಿ? ಒಂದರ ಬೆಲ್ಟು ಇನ್ನೊಂದಕ್ಕೆ ಆಗುದಿಲ್ಲ. ರಿಪೇರಿಗೆ ನಾಲ್ಕು ಜನ ಬರ್ಬೇಕು. ಕೊನೆಗೆ ಹಿಟ್ಟು ರುಬ್ಬುವವ ಯಾರು?"

ಕಾಕಾ ಒಂದು ಕ್ಷಣ ಬೆರಗಾದರು. "ಹೌದಲ್ರೀ, ದೊಡ್ಡ ದೊಡ್ಡ ಅಧಿಕಾರಿಗಳೂ ಇದನ್ನ ಹೇಳ್ತಾರ" ಎಂದರು. ಆಮೇಲೆ ಒಂದು ವಾರ ಅಪ್ಪನ ನಡಿಗೆಯೇ ಬೇರೆಯಾಗಿತ್ತು. ರೈಲ್ವೆ ಟಿಕೆಟ್ ಪರೀಕ್ಷಕರು, ಔಷಧಿ ಅಂಗಡಿಯವರು, ಇಡ್ಲಿ ಕಟ್ಟಿಸಿಕೊಳ್ಳಲು ಬಂದವರು ಎಲ್ಲರಿಗೂ ಗ್ರೈಂಡರ್ ಸಿದ್ಧಾಂತ ಕೇಳುವ ಭಾಗ್ಯ ಸಿಕ್ಕಿತು. ನನ್ನ ಮಗಳು ಇಲ್ಲೇ ಓದಿ ಬೆಳೆದವಳು, ಅಜ್ಜನ ಕನ್ನಡ ಪೂರ್ತಿ ಅರ್ಥವಾದರೂ ಬಾಯಿಗೆ ಬರುವುದು ತಮಿಳೇ. ಒಂದು ದಿನ ಕಾಲೇಜಿಗೆ ಹೊರಟವಳು ಮೂರನೆಯ ಮೇಜಿನ ಬಳಿ ನಿಂತು, "ಅಜ್ಜಾ, ನೀಂಗಳಾ ವಾಂಗಪ್ಪೋರೀಂಗ?" ಎಂದು ಕೇಳಿದಳು. ಕೊಳ್ಳುವವರು ನೀವೇನಾ ಎಂದು. ಅಪ್ಪ ಗಂಭೀರವಾಗಿ, "ತೆರಿಗೆ ಕಟ್ಟುವವ ನಾನಲ್ವಾ?" ಎಂದರು.

ಇದೆಲ್ಲ ತಮಾಷೆಯಾಗಿಯೇ ಇತ್ತು. ತಮಾಷೆಯಲ್ಲದ್ದು ಸಾಂಬಾರಿನಲ್ಲಿ ನಡೆಯುತ್ತಿತ್ತು.

ಎರಡು ವರ್ಷದ ಹಿಂದೆ ಅಪ್ಪನಿಗೆ ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ನಾಲಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಅಪ್ಪನಿಗೆ ಅದು ತಿಳಿಯಲಿಲ್ಲ. ಅವರಿಗೆ ಕಂಡದ್ದು ಭಟ್ಟರ ಕೈ ಕೆಟ್ಟಿದೆ ಎಂದು. ದಿನಾ ಅಂಗೈ ನೆಕ್ಕಿ, "ಉಪ್ಪು ಎಲ್ಲಿ ಹೋಯ್ತು? ಒಂದು ಹಿಡಿ ಹಾಕಿ" ಎನ್ನತೊಡಗಿದರು. ಯಜಮಾನರ ಮಾತು, ಭಟ್ಟರು ಹಾಕಿದರು. ಗಿರಾಕಿಗಳು ನೀರು ಕುಡಿದರು. ಕೆಲವರು ಎದುರು ಹೋಟೆಲಿಗೆ ಹೋದರು.

ಎದುರು ಹೋಟೆಲು ಎಂದರೆ ನಮ್ಮ ಗಡಿಯಾಚೆಯ ದೇಶ. ರಸ್ತೆಯ ಆ ಬದಿಯಲ್ಲಿ ಹೊಸದಾಗಿ ತೆರೆದದ್ದು. ಗಾಜಿನ ಗೋಡೆ, ತಣ್ಣನೆ ಗಾಳಿ, ತಾನಾಗಿ ದೋಸೆ ಹುಯ್ಯುವ ಒಂದು ಯಂತ್ರ. ಆ ಯಂತ್ರವನ್ನು ಲಾರಿಯಿಂದ ಇಳಿಸಿದ ದಿನ ಅಪ್ಪ ಬಾಗಿಲಲ್ಲಿ ನಿಂತು ಅದರ ಉದ್ದ ಅಗಲವನ್ನೆಲ್ಲ ಕಣ್ಣಳತೆಯಲ್ಲಿ ತೆಗೆದುಕೊಂಡರು. "ಚೈನಾದ್ದು" ಎಂದು ಷರಾ ಬರೆದರು.

ಗಿರಾಕಿಗಳು ಹೋಗುತ್ತಿರುವುದು ಕಂಡು ಭಟ್ಟರೂ ನಾನೂ ಗುಟ್ಟಾಗಿ ಒಂದು ಉಪಾಯ ಮಾಡಿದೆವು. ಅಪ್ಪ ಹೇಗೂ ಒಂದು ಹಿಡಿ ಹಾಕಿಸುತ್ತಾರೆ. ಹಾಗಾದರೆ ಮೊದಲೇ ಒಂದು ಹಿಡಿ ಕಡಿಮೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಸ್ವಲ್ಪ ದಿನ ಸರಿಹೋಯಿತು. ಆಮೇಲೆ ಅಪ್ಪ ಎರಡು ಹಿಡಿ ಎನ್ನತೊಡಗಿದರು. ನಾವು ಇನ್ನೊಂದು ಹಿಡಿ ಕಡಿಮೆ ಮಾಡಿದೆವು. ಹೀಗೆ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಭಟ್ಟರು ಉಪ್ಪೇ ಹಾಕದ ಸಾಂಬಾರು ಇಳಿಸುವುದು, ಅಪ್ಪ ನೆಕ್ಕಿ ಉಪ್ಪು ಹಾಕಿಸುವುದು ಎಂಬಲ್ಲಿಗೆ ಬಂದು ನಿಂತಿತು. ತೊಂದರೆ ಏನೆಂದರೆ ಅಪ್ಪನ ಹಿಡಿ ಅವರ ಮನಸ್ಸಿನ ಮೇಲೆ ನಿಂತಿತ್ತು. ಬೆಳಿಗ್ಗೆ ಐದಕ್ಕೆ ಪೇಪರ್ ಬರುತ್ತದೆ. ವಿಮಾನದ ಸುದ್ದಿ ಒಳ್ಳೆಯದಿದ್ದರೆ ಎರಡು ಹಿಡಿ. ಎಂಜಿನ್ ಬರುವುದು ಇನ್ನೂ ತಡ ಎಂದಿದ್ದರೆ ನಾಲ್ಕು. ನಮ್ಮ ಗಿರಾಕಿಗಳು ಪೇಪರ್ ಓದದೆಯೇ ದೇಶದ ರಕ್ಷಣೆಯ ಸ್ಥಿತಿಯನ್ನು ಇಡ್ಲಿಯ ಜೊತೆ ತಿಳಿಯುತ್ತಿದ್ದರು.

ಅಪ್ಪನಿಗೆ ಹೇಳಬೇಕಾದವಳು ನಾನು. ಹೇಳಲಿಲ್ಲ. ಅವರು ನೊಂದುಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಬೇರೆ ಇತ್ತು. ಹೇಳಿದರೆ, "ಹಾಗಾದರೆ ತಮ್ಮನನ್ನು ಕರೆಸುವಾ" ಎನ್ನುತ್ತಾರೆ ಎಂಬ ಭಯ. ಆ ಮಾತನ್ನು ಮಾತ್ರ ನಾನು ಕೇಳಲಾರೆ.

ಹೇಳಿದವರು ಕಾಕಾ. ಅದೂ ವಿಮಾನದ ದಾರಿಯಲ್ಲಿ.

ಅವತ್ತು ಪೇಪರಿನಲ್ಲಿ ಹಳೆಯ ವಿಮಾನಗಳ ಬೀಳ್ಕೊಡುಗೆಯ ಫೋಟೋ ಮತ್ತೆ ಬಂದಿತ್ತು. ಅಪ್ಪ ಅದನ್ನು ಬೆರಳಿನಿಂದ ಕುಟ್ಟಿ, "ಎಂತ ಅವಸರ ಇತ್ತು ಮಾರಾಯ್ರೇ? ಚೆಂದ ಮಾಡಿ ನೋಡಿಕೊಂಡಿದ್ರೆ ಇನ್ನೂ ಐದು ವರ್ಷ ಹಾರ್ತಿತ್ತು. ಅಷ್ಟರೊಳಗೆ ನಮ್ಮದೇ ಬರ್ತಿತ್ತು. ಈ ಮಧ್ಯಂತರ ಗಿಧ್ಯಂತರ ಎಲ್ಲ ಯಾಕೆ? ಸದ್ಯಕ್ಕೆ ಅಂತ ತಂದದ್ದು ಯಾವತ್ತಾದ್ರೂ ಸ್ವಂತದ್ದು ಆಗ್ತದಾ?" ಎಂದರು.

ನಾನು ಗಲ್ಲಾದಲ್ಲಿ ತಲೆ ತಗ್ಗಿಸಿ ಚೀಟಿಗಳನ್ನು ಜೋಡಿಸುತ್ತಿದ್ದೆ. ಆ ಮಾತು ನನಗೆ ಹೇಳಿದ್ದಲ್ಲವೆಂದು ಗೊತ್ತು. ಆದರೂ ನನಗೇ ತಾಗಿತು. ಕಾಕಾ ನನ್ನ ಕಡೆ ನೋಡಿದರು, ಆಮೇಲೆ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟರು.

"ಸಾವ್ಕಾರ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ವಿಮಾನ ಹಾರೂಕಿಂತ ಮದ್ಲ ನಾ ಒಂದು ಕಾಗದದ ಮ್ಯಾಲ ಸಹಿ ಹಾಕಬೇಕಿತ್ತು, ಎಂಜಿನ್ ಬರೋಬ್ಬರಿ ಐತಿ ಅಂತ. ಸಹಿ ಹಾಕಿದ ಮ್ಯಾಲ ಅದು ಹೊಳ್ಳಿ ಬರೂತನಕ ನಾ ನೀರು ಕುಡೀತಿದ್ದಿಲ್ಲ. ಒಂದು ಎಂಜಿನ್ ಇತ್ರೀ, ಹನ್ನೊಂದು ವರ್ಷ ನನ್ನ ಕೈಯಾಗ ಇದ್ದದ್ದು. ಮಕ್ಕಳಕಿಂತ ಹೆಚ್ಚು ನೋಡೇನಿ. ಒಂದಿನ ಕಿವಿಗೊಟ್ಟು ಕೇಳಿದೆ, ದನಿ ಬ್ಯಾರೆ ಆಗಿತ್ತು. ಸಹಿ ಹಾಕಲಿಲ್ಲ. ಅವತ್ತು ಮನಿಗೆ ಹೋಗಿ ಅತ್ತೇನಿ. ಪ್ರೀತಿ ಇದ್ದವನೇ ಸಹಿ ನಿಲ್ಲಿಸಬೇಕ್ರಿ."

"ಹೌದು. ಅದಕ್ಕೆ ಈಗೆಂತ?"

ಕಾಕಾ ಸಾಂಬಾರಿನ ಬಟ್ಟಲನ್ನು, ಅಂದರೆ ರಷ್ಯವನ್ನು, ಮೆಲ್ಲನೆ ಅಪ್ಪನ ಮುಂದೆ ತಳ್ಳಿದರು. "ನಿಮ್ಮ ನಾಲಿಗಿ ದನಿ ಬ್ಯಾರೆ ಆಗೇತ್ರಿ. ಎರಡು ವರ್ಷಾತು. ಎಲ್ಲಾರಿಗೂ ಗೊತ್ತೈತಿ, ನಿಮಗಷ್ಟ ಗೊತ್ತಿಲ್ಲ."

ಅಪ್ಪ ಅವರನ್ನು ನೋಡಿದರು. ಬಟ್ಟಲನ್ನು ನೋಡಿದರು. ಆಮೇಲೆ ಅಪ್ಪ ಸಪ್ಲೈಯರನ್ನು ಕರೆದು, ಇಡೀ ಹೋಟೆಲಿಗೆ ಕೇಳುವಂತೆ, "ರೆಂಡು ಕಾಪಿ" ಎಂದರು. ಸಪ್ಲೈಯರ್ ಗಾಬರಿಯಾದ. "ಅಣ್ಣೇ, ರೆಂಡು ಫುಲ್ಲಾ?" ಎಂದು ಎರಡು ಸಲ ಕೇಳಿದ. ಅಪ್ಪ "ಆಮಾ, ಫುಲ್" ಎಂದರು.

ಮೂವತ್ತು ವರ್ಷದಲ್ಲಿ ಮೊದಲ ಸಲ ಮೂರನೆಯ ಮೇಜಿಗೆ ಎರಡು ಲೋಟ, ಎರಡು ಡಬರಾ ಬಂದವು. ಇದಕ್ಕಿಂತ ದೊಡ್ಡ ಯುದ್ಧಘೋಷಣೆ ಅಪ್ಪನಿಗೆ ಗೊತ್ತಿರಲಿಲ್ಲ. ಕಾಕಾ ತಮ್ಮ ಪೂರ್ತಿ ಲೋಟವನ್ನು ಮುಟ್ಟಲಿಲ್ಲ. ಎದ್ದು, ಕೈತೊಳೆದು, ನನ್ನ ಮುಂದೆ ಹಾದುಹೋಗುವಾಗ "ಬರ್ತೀನವಾ ತಂಗಿ" ಎಂದು ಮಾತ್ರ ಹೇಳಿ ಹೊರಟರು.

ಮರುದಿನ ಬೆಳಿಗ್ಗೆ ಅಪ್ಪ ಕೆಳಗಿಳಿದು ಬರಲಿಲ್ಲ. ನಾವು ಇರುವುದು ಹೋಟೆಲಿನ ಮೇಲಿನ ಮಹಡಿಯಲ್ಲೇ. ಕೂಗಿದರೆ, "ನನ್ನ ನಾಲಗೆ ಕೆಟ್ಟಿದೆಯಂತಲ್ಲ, ಬೇರೆಯವರ ನಾಲಗೆ ತರಿಸಿಕೊಳ್ಳಿ" ಎಂಬ ಉತ್ತರ ಮುಸುಕಿನೊಳಗಿಂದ ಬಂತು. ಹೊರಗೆ ರೈಲಿನ ಜನ ಶಟರ್ ಬಡಿಯುತ್ತಿದ್ದರು. ಭಟ್ಟರು ಸೌಟು ಹಿಡಿದು ನನ್ನ ಮುಖ ನೋಡಿದರು. ಆ ಹೊತ್ತಿಗೆ ನಾನು ಅಂಗೈ ಒಡ್ಡಬಹುದಿತ್ತು. ಒಡ್ಡಲಿಲ್ಲ. ಹತ್ತೊಂಬತ್ತು ವರ್ಷ ನನ್ನದಲ್ಲದ ಕೆಲಸಕ್ಕೆ ಕೈ ಚಾಚಲು ಧೈರ್ಯವೂ ಬರಲಿಲ್ಲ, ಸ್ವಲ್ಪ ಸಿಟ್ಟೂ ಇತ್ತು. "ಶಟರ್ ತೆಗೀರಿ" ಎಂದುಬಿಟ್ಟೆ.

ಉಪ್ಪು ಹಾಕುವ ಕೆಲಸ ಯಾವಾಗಲೋ ಅಪ್ಪನದಾಗಿ ಹೋಗಿತ್ತಲ್ಲ, ಅದು ಭಟ್ಟರಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ.

ಮೊದಲು ನಾಲ್ಕನೆಯ ಮೇಜಿನವರು ಉಪ್ಪು ಕೇಳಿದರು. ಆಮೇಲೆ ಆರನೆಯವರು. ಅರ್ಧ ಗಂಟೆಯಲ್ಲಿ ಇಡೀ ಹೋಟೆಲು "ಉಪ್ಪು, ಉಪ್ಪು" ಎಂದು ಜಪ ಮಾಡತೊಡಗಿತು. ಸಪ್ಲೈಯರ್ ಉಪ್ಪಿನ ಡಬ್ಬಿ ಹಿಡಿದು ದೇವಸ್ಥಾನದಲ್ಲಿ ವಿಭೂತಿ ಕೊಡುವವನಂತೆ ಮೇಜಿನಿಂದ ಮೇಜಿಗೆ ಓಡುತ್ತಿದ್ದ. ಒಬ್ಬರು ಹಿರಿಯರು ನನ್ನ ಹತ್ತಿರ ಬಂದು, "ಎನ್ನಮ್ಮಾ, ಎಲ್ಲಾರುಕ್ಕುಂ ಬಿ.ಪಿ. ವಂದುಡುಚ್ಚಾ?" ಎಂದು ಕೇಳಿದರು. ನಮಗೆಲ್ಲರಿಗೂ ಬಿ.ಪಿ. ಬಂತೇ ಎಂದು. ನನಗೆ ನಗುವೂ ಬಂತು, ಬೆವರೂ ಬಂತು.

ಗದ್ದಲ ಕೇಳಿ ಅಪ್ಪ ಇಳಿದು ಬಂದರು. ಸೀದಾ ಮೂರನೆಯ ಮೇಜಿಗೆ ಹೋಗಿ ಒಬ್ಬರೇ ಕೂತರು. "ಎಂತ ಗಲಾಟೆ?" ಎಂದರು. ಸಪ್ಲೈಯರ್ ಸುಮ್ಮನೆ ಒಂದು ತಟ್ಟೆ ಇಡ್ಲಿ, ಒಂದು ಬಟ್ಟಲು ಸಾಂಬಾರು ತಂದಿಟ್ಟ. ಅಪ್ಪ ಇಡ್ಲಿ ಮುರಿದು, ಚೆನ್ನಾಗಿ ಅದ್ದಿ, ಬಾಯಿಗಿಟ್ಟರು. ಅಗಿದರು. ಇನ್ನೊಂದು ತುಂಡು ತಿಂದರು.

"ಇದಕ್ಕೆಂತ ಆಗಿದೆ?" ಎಂದರು. "ಯಾವಾಗಿನ ಹಾಗೇ ಉಂಟಲ್ಲ. ದಿನಾ ನೀವು ಇಳಿಸುವುದು ಹೀಗೇ ಅಲ್ವಾ ಭಟ್ರೇ? ಸ್ವಲ್ಪ ಉಪ್ಪು ಕಮ್ಮಿ, ಅಷ್ಟೇ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಭಟ್ಟರು ತಲೆ ತಗ್ಗಿಸಿದರು. ಪಕ್ಕದ ಮೇಜಿನವರು ಉಪ್ಪಿನ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತರು. ಅಪ್ಪ ಆ ಡಬ್ಬಿ ನೋಡಿದರು, ಭಟ್ಟರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಇದಕ್ಕೆ ಉಪ್ಪೇ ಹಾಕ್ಲಿಲ್ವಾ?"

"ಇಲ್ಲ ಅಪ್ಪಾ" ಎಂದೆ.

"ಎಷ್ಟು ದಿನದಿಂದ?"

"ನೀವು ಹಾಕಿಸ್ತೀರಿ ಅಂತ ನಾವೇ ಹಾಕ್ತಿರ್ಲಿಲ್ಲ. ಒಂದು ವರ್ಷದ ಮೇಲಾಯ್ತು."

ಅಪ್ಪ ತಟ್ಟೆಯಲ್ಲಿದ್ದ ಇಡ್ಲಿಯನ್ನು ಪೂರ್ತಿ ತಿಂದರು. ಬಿಟ್ಟು ಏಳುವುದು ಅವರ ಜಾಯಮಾನವಲ್ಲ. ಆಮೇಲೆ ಕೈತೊಳೆದು ಮೇಲೆ ಹೋದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವತ್ತೆಲ್ಲ ನನಗೆ ಕೆಲಸದಲ್ಲಿ ಕೈ ಓಡಲಿಲ್ಲ. ಅಪ್ಪನಿಗೆ ನಾನು ಮೋಸ ಮಾಡಿದೆ ಎನಿಸಿತು, ಮಾಡಿದ್ದೂ ಹೌದು.

ಮರುದಿನ ಬೆಳಿಗ್ಗೆ ಐದೂವರೆಗೆ ಮೆಟ್ಟಿಲಲ್ಲಿ ಕೋಲಿನ ಸದ್ದು. ಅಪ್ಪ ಸ್ನಾನ ಮಾಡಿ, ಮಡಿಕೆ ಮುರಿಯದ ಬಿಳಿ ಪಂಚೆ ಉಟ್ಟು ಬಂದಿದ್ದರು. ಹಂಡೆಯ ಹತ್ತಿರ ನಿಂತರು. ಭಟ್ಟರು ಹೆದರಿಕೊಂಡೇ ಸೌಟು ಎತ್ತಿದರು. ಅಪ್ಪ ಕೈ ಒಡ್ಡಲಿಲ್ಲ. ನನ್ನನ್ನು ಕರೆದರು. ಹೋದೆ. ನನ್ನ ಮುಂಗೈ ಹಿಡಿದು, ಅಂಗೈಯನ್ನು ಮೇಲೆ ತಿರುಗಿಸಿ, ಭಟ್ಟರ ಸೌಟಿನ ಕೆಳಗೆ ಹಿಡಿದರು.

ಸಾಂಬಾರು ಸುಡುತ್ತಿತ್ತು. ಅರ್ಧ ನೆಲಕ್ಕೆ ಬಿತ್ತು. ಉಳಿದದ್ದನ್ನು ನೆಕ್ಕಿದೆ. "ಎರಡು ಹಿಡಿ ಉಪ್ಪು. ಹುಣಸೆ ಒಂದು ಚೂರು ಮುಂದಿದೆ, ಬೆಲ್ಲ ಸಾಕು" ಎಂದೆ.

"ಕೇಳಿಸ್ತಲ್ಲ ಭಟ್ರೇ?" ಎಂದು ಅಪ್ಪ ಹೇಳಿ, ಉಪ್ಪು ಬಿದ್ದು ನಾನು ಇನ್ನೊಮ್ಮೆ ನೆಕ್ಕಿ "ಆಯ್ತು" ಎನ್ನುವವರೆಗೆ ಅಲ್ಲೇ ನಿಂತಿದ್ದು, ಮೂರನೆಯ ಮೇಜಿಗೆ ಹೋಗಿ ಕೂತರು. ಶಟರ್ ಮೇಲೆದ್ದಿತು.

ಆದರೆ ಎದುರು ಕುರ್ಚಿ ಖಾಲಿ. ಕಾಕಾ ಬರಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಅಪ್ಪ ಕಾಫಿಯನ್ನೇ ಬಿಟ್ಟರು. ಪೂರ್ತಿ ಕುಡಿದರೆ ನಿದ್ದೆ ಬರುವುದಿಲ್ಲವಂತೆ, ಅರ್ಧ ಚೆಲ್ಲುವುದು ಪಾಪವಂತೆ. ನಾನೇ ಹೋಗಿ ಎದುರು ಕೂತು, "ನಂಗೆ ಅರ್ಧ ಕೊಡಿ" ಎಂದೆ. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಎಂಜಿನ್ ಬಗ್ಗೆ ಎಂತ ಗೊತ್ತುಂಟು?" ಎಂದರು.

ಕಾಕಾ ಎಲ್ಲಿದ್ದಾರೆಂದು ಪತ್ತೆ ಮಾಡಿದ್ದು ಸಪ್ಲೈಯರ್. ನನ್ನ ಕಿವಿಯಲ್ಲಿ, "ಅಕ್ಕಾ, ಅಂಗ ಪಾರುಂಗ" ಎಂದು ರಸ್ತೆಯಾಚೆ ತೋರಿಸಿದ. ಎದುರು ಹೋಟೆಲಿನ ಗಾಜಿನ ಗೋಡೆಯ ಹಿಂದೆ, ತಣ್ಣನೆ ಗಾಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಕಾಕಾ ಕೂತಿದ್ದರು! ಮುಂದೆ ಒಂದು ಪೂರ್ತಿ ಕಾಫಿ, ಹಬೆ ನಿಂತು ಹೋದದ್ದು. ಮುಖ ನಮ್ಮ ಹೋಟೆಲಿನ ಕಡೆಗೇ. ಅಪ್ಪನೂ ಯಾವಾಗಲೋ ಕುರ್ಚಿ ಬದಲಾಯಿಸಿ ರಸ್ತೆಗೆ ಮುಖ ಮಾಡಿ ಕೂತಿದ್ದರು. ನಾಲ್ಕು ದಿನದಿಂದ ಈ ಎರಡು ದೇಶಗಳು ಗಡಿಯ ಆಚೆ ಈಚೆ ಕೂತು ಒಬ್ಬರನ್ನೊಬ್ಬರು ಕಾಯುತ್ತಿದ್ದವು. ನಡುವೆ ಷೇರ್ ಆಟೋಗಳು ಓಡುತ್ತಿದ್ದವು.

"ಎಷ್ಟು ದಿನದಿಂದ ಗೊತ್ತು ನಿಮಗೆ?" ಎಂದು ಅಪ್ಪನನ್ನು ಕೇಳಿದೆ.

"ಮೊದಲ ದಿನವೇ ಗೊತ್ತು. ಆ ಚೈನಾ ದೋಸೆ ತಿಂದು ಹೊಟ್ಟೆ ಕೆಡಿಸಿಕೊಳ್ತಾರೆ ನೋಡು."

"ಕರೆಯಬಾರದಾ?"

ಅಪ್ಪ ಮೀಸೆ ತಿರುವಿದರು. ಆಮೇಲೆ ಸಪ್ಲೈಯರನ್ನು ಕರೆದು, "ಒರು ಬೈ-ಟೂ" ಎಂದರು. ಕಾಫಿ ಬಂತು. ಅಪ್ಪ ಅರ್ಧವನ್ನು ತಮ್ಮ ಡಬರಾಕ್ಕೆ ಸುರಿದರು. ಸುರಿದು, ಕಣ್ಣು ಕಿರಿದು ಮಾಡಿ ನೋಡಿ, ಅರ್ಧ ಆಯಿತೋ ಇಲ್ಲವೋ ಎಂದು ಹೇಳುವವರಿಲ್ಲದೆ ಇನ್ನೊಂದು ಹನಿ ಸುರಿದರು. ಅರ್ಧ ತುಂಬಿದ ಲೋಟವನ್ನು ಸಪ್ಲೈಯರನ ಕೈಗೆ ಕೊಟ್ಟು, ಗದ್ದದಿಂದ ರಸ್ತೆಯಾಚೆ ತೋರಿಸಿದರು.

ಸಪ್ಲೈಯರ್ ಲೋಟವನ್ನು ಎದೆಗೆ ಹಿಡಿದುಕೊಂಡು ಎಡಕ್ಕೂ ಬಲಕ್ಕೂ ನೋಡುತ್ತಾ ರಸ್ತೆ ದಾಟಿದ. ಎದುರು ಹೋಟೆಲಿನ ಕಾವಲುಗಾರ ಹೊರಗಿನ ತಿಂಡಿ ತೀರ್ಥ ಒಳಗೆ ಬಿಡುವುದಿಲ್ಲ ಎಂದು ತಡೆದ. ಗಾಜಿನ ಬಾಗಿಲಿನ ಮುಂದೆ ಐದು ನಿಮಿಷ ರಾಜತಾಂತ್ರಿಕ ಮಾತುಕತೆ ನಡೆಯಿತು. ಅಷ್ಟರಲ್ಲಿ ಕಾಕಾ ಎದ್ದು ಹೊರಗೆ ಬಂದರು. ಲೋಟ ತೆಗೆದುಕೊಂಡರು. ಅದರೊಳಗೆ ಇಣುಕಿ ನೋಡಿ, ಬೀದಿಯ ಆಚೆಯಿಂದಲೇ ಕೂಗಿದರು. "ಸಾವ್ಕಾರ್ರ! ಇದು ಅರ್ಧ ಅಲ್ರೀ! ನನ್ನ ಪಾಲಿನ್ಯಾಗ ಕಮ್ಮಿ ಐತಿ!"

"ಬಂದು ಅಳೆದು ನೋಡಿ ಮಾರಾಯ್ರೇ!" ಎಂದು ಅಪ್ಪ ಇತ್ತಲಿಂದ ಕೂಗಿದರು.

ಕಾಕಾ ಬಂದು ಅಳೆದರು. ಮೂರನೆಯ ಮೇಜಿನಲ್ಲಿ ಡಬರಾದಿಂದ ಲೋಟಕ್ಕೆ ಒಂದು ಗುಟುಕು ವಾಪಸ್ಸಾಯಿತು. ಇಬ್ಬರೂ ಕುಡಿದರು. ಕಾಕಾ ಸಾಂಬಾರಿಗೆ ಇಡ್ಲಿ ಅದ್ದಿ ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಗಲ್ಲಾದ ಕಡೆ ತಿರುಗಿ ನನ್ನ ಅಂಗೈಯನ್ನೇ ನೋಡುವವರಂತೆ ನೋಡಿದರು. ಇನ್ನೊಂದು ಬಟ್ಟಲು ಸಾಂಬಾರು ತರಿಸಿಕೊಂಡರು.

"ಮತ್ತ, ಏನು ನಿರ್ಧಾರ ಮಾಡಿದ್ರಿ ಸಾವ್ಕಾರ್ರ? ಮಧ್ಯಂತರಕ್ಕ ಬೇಕೋ ಬ್ಯಾಡೋ?"

"ಬೇಕು" ಎಂದರು ಅಪ್ಪ. "ಆದ್ರೆ ಆ ಹೆಸರು ಮಾತ್ರ ಇಡ್ಲಿಕ್ಕಿಲ್ಲ. ಆರು ತಿಂಗಳಿಗೆ ಅಂತ ಹೇಳಿ ನಾನು ಒಂದನ್ನು ತಂದು ಕೂರಿಸಿದ್ದೆ. ಹತ್ತೊಂಬತ್ತು ವರ್ಷ ಆಯ್ತು. ಈ ಹೋಟೆಲು ಹಾರಿದ್ದೆಲ್ಲ ಅದರಲ್ಲೇ. ನಾನು ಮೂರ್ಖ, ಇನ್ನೊಂದು ಬರ್ತದೆ ಅಂತ ಆಕಾಶ ನೋಡ್ತಾ ಇದ್ದೆ."

ಇದನ್ನು ಅಪ್ಪ ನನ್ನ ಕಡೆ ನೋಡದೆ, ಕಾಕಾನಿಗೆ ಹೇಳಿದರು, ಪೇಪರಿನ ಮೇಲೆ ಕೈಯಿಟ್ಟುಕೊಂಡು, ವಿಮಾನದ ಮಾತು ಹೇಳುವ ಧ್ವನಿಯಲ್ಲೇ. ನನಗೆ ಅಳು ಬಂತು. ಗಲ್ಲಾದ ಮುಂದೆ ನಾಲ್ಕು ಜನ ನಿಂತಿದ್ದರು, ನಾನು ಮೂಗು ಒರೆಸಿಕೊಂಡು ಅವರನ್ನು ಕಳಿಸಿದೆ.

ಈಗಲೂ ವಿಮಾನದ ತೀರ್ಮಾನ ಆಗಿಲ್ಲ. ಫ್ರಾನ್ಸು ನೀರಿನ ಲೋಟವಾಗಿಯೇ ಇದೆ, ಅಮೆರಿಕ ಚಟ್ನಿಯಾಗಿಯೇ ಇದೆ. ದಿನಾ ಐದೂವರೆಗೆ ನಾನು ಅಂಗೈ ಒಡ್ಡುತ್ತೇನೆ, ಬಲ ಅಂಗೈಯ ನಡುವೆ ಒಂದು ಸಣ್ಣ ಕೆಂಪು ಕಲೆಯೂ ಆಗಿದೆ. ಅಪ್ಪ ಏಳೂವರೆಗೆ ಇಳಿದು ಬಂದು, ಕಾಕಾ ಬರುವ ಮೊದಲು, ಇಡ್ಲಿ ಮುರಿದು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕೇಳುತ್ತಾರೆ.

"ಇವತ್ತು ಹೇಗುಂಟು?"

"ಉಪ್ಪು ಸರಿಯಾಗಿದೆ ಅಪ್ಪಾ. ಇಂಗು ಚೆನ್ನಾಗಿ ಬಂದಿದೆ. ಕೊತ್ತಂಬರಿ ಇವತ್ತಿನದು ಎಳೆಯದು, ಕೊನೆಯಲ್ಲಿ ಸ್ವಲ್ಪ ಸಿಹಿ."

ಅಪ್ಪ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿಯುತ್ತಾರೆ. "ಹೌದು" ಎನ್ನುತ್ತಾರೆ. "ಹಾಗೇ ಉಂಟು."